ನಿಮ್ಮದು ಹಳೆಯ ಸ್ಟಾರ್‌ಕಾಸ್ಟರ್ ಅಲ್ಲ

ಸೆಕೆಂಡ್ ಹ್ಯಾಂಡ್ ತಗೊಂಡ ಫೆಂಡರ್ ಕಂಪನಿಯ ಸ್ಟಾರ್‌ಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ 70ರ ದಶಕದ್ದಾ ಅಂತ ಕೇಳಿದ್ದೀರಿ. ಬಾಡಿ ಸ್ಟ್ರಾಟ್ (ಫೆಂಡರ್‌ನದೇ ಸ್ಟ್ರಾಟೋಕಾಸ್ಟರ್ ಗಿಟಾರ್) ತರಾನೇ ಇದೆ, ಎಲ್ಲೂ ಟೊಳ್ಳಿಲ್ಲ ಅಂತ ನೀವೇ ಬರೆದಿದ್ದೀರಲ್ಲ, ಹಾಗಾದರೆ ಖಂಡಿತ ಅಲ್ಲ. ಹೊಸದಾಗಿ ಕಲಿಯುವವರಿಗೆ ಅಂತ ಮಾಡಿದ ಅಗ್ಗದ ಗಿಟಾರ್‌ಗಳಿಗೂ ಫೆಂಡರ್ ಆಮೇಲೆ ಇದೇ ಹೆಸರು ಇಟ್ಟಿತು.

ಮೂಲ ಮಾಡೆಲ್ ಬಂದದ್ದು 1976ರಲ್ಲಿ. ಗಿಬ್ಸನ್ ಕಂಪನಿಯ ಇಎಸ್-335 ಗಿಟಾರ್ ಎದುರು ನಿಲ್ಲಲಿ ಅಂತ ಮಾಡಿದ್ದು, ಕೆಲವೇ ವರ್ಷಕ್ಕೆ ನಿಂತುಹೋಯಿತು. ಅದು ಸೆಮಿ ಹಾಲೋ, ಅಂದರೆ ಬಾಡಿಯ ಒಳಗೆ ಸ್ವಲ್ಪ ಭಾಗ ಟೊಳ್ಳು. ಎಫ್ ಆಕಾರದ ತೂತುಗಳಿರುತ್ತವೆ, ಬಾಡಿಯ ಎರಡು ಬದಿ ಒಂದೇ ಸಮ ಇರದೆ ಓರೆಯಾಗಿರುತ್ತದೆ. 335ರಲ್ಲಿ ನೆಕ್ (ಗಿಟಾರ್‌ನ ಉದ್ದನೆಯ ಕತ್ತು) ಅಂಟಿಸಿದ್ದು, ಇದರಲ್ಲಿ ಮೇಪಲ್ ಮರದ ನೆಕ್ ಅನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ.

ನನಗೆ ತುಂಬಾ ಇಷ್ಟವಾಗುವುದು ಪಿಕಪ್‌ಗಳು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗಗಳು. ಎರಡು ವೈಡ್ ರೇಂಜ್ ಹಂಬಕರ್ (ಗುಂಯ್ ಸದ್ದು ತಡೆಯುವ ಜೋಡಿ ಸುರುಳಿಯ ಪಿಕಪ್), ಗಿಬ್ಸನ್‌ಗೆ ಹಂಬಕರ್ ಮಾಡಿಕೊಟ್ಟ ಸೇತ್ ಲವರ್ ಅವರೇ ಫೆಂಡರ್‌ಗೆ ಬಂದು ಮಾಡಿದ್ದು, ಹಾಗಾಗಿ ದಪ್ಪ ದನಿಯ ಜೊತೆಗೆ ಫೆಂಡರ್‌ನ ಹೊಳಪೂ ಉಳಿದಿದೆ. ನಾಬ್ ಐದು. ಪ್ರತಿ ಪಿಕಪ್‌ಗೂ ವಾಲ್ಯೂಮ್, ಟೋನ್ ಬೇರೆ ಬೇರೆ, ಐದನೆಯದು ಮಾಸ್ಟರ್ ವಾಲ್ಯೂಮ್. ಎರಡರ ಹದ ಕೆಡಿಸದೆ ಒಟ್ಟು ಸದ್ದು ಇಳಿಸಬಹುದು, ಎಷ್ಟು ಅನುಕೂಲ ಅಲ್ವಾ? ರೇಡಿಯೋಹೆಡ್ ಅನ್ನೋ ರಾಕ್ ಬ್ಯಾಂಡ್‌ನ ಜಾನಿ ಗ್ರೀನ್‌ವುಡ್ ಕೈಯಲ್ಲಿ ನೋಡಿರ್ತೀರಿ.

ಹಳೆಯದು ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡಿದ್ದರೆ ಮಾರಿದವರನ್ನು ಈಗಲೇ ಕೇಳಿ.