ಮೆಚ್ಚಿನ ತಂಡದ ಆಲ್ಬಂಗೆ ವಿಮರ್ಶೆ ಬರೆಯುವಾಗ

ಪ್ರಶ್ನೆ: ಯುವ ದಸರಾದ ದಿನ ಮಹಾರಾಜ ಕಾಲೇಜು ಮೈದಾನದಲ್ಲಿ ಕೇಳಿದಂದಿನಿಂದ ನಾನು ಒಂದು ಕನ್ನಡ ಜಾನಪದ ರಾಕ್ ತಂಡದ ಅಭಿಮಾನಿ. ಅವರ ಹೊಸ ಆಲ್ಬಂ ನಿರಾಸೆ ತಂದಿದೆ. ಕಾಲೇಜು ಪತ್ರಿಕೆಗೆ ವಿಮರ್ಶೆ ಬರೆದುಕೊಡಬೇಕು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅವರಿಗೆ ಅನ್ಯಾಯವಾದೀತೇ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಖಂಡಿತ ಬರೆಯಿರಿ. ಆದರೆ ನಿರಾಸೆ ಯಾವುದರಿಂದ ಆಯಿತೆಂಬುದನ್ನು ಮೊದಲು ಬಿಡಿಸಿ ನೋಡಿ. ಸಾಹಿತ್ಯ, ಸಂಯೋಜನೆ, ವಾದನ, ಧ್ವನಿಮಿಶ್ರಣ, ಕೊನೆಯ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಇಡೀ ಆಲ್ಬಂನ ಸದ್ದನ್ನು ಹದಗೊಳಿಸುವುದು) ಎಲ್ಲವೂ ಬೇರೆ ಬೇರೆ ಕೆಲಸಗಳು. 2008ರಲ್ಲಿ ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಬಂದಾಗ, ಸದ್ದನ್ನು ಮಿತಿಮೀರಿ ಏರಿಸಿದ್ದರಿಂದ ವಾದ್ಯಗಳ ನಾದ ಒಡೆದು ಕೇಳುತ್ತಿದೆಯೆಂದು ಅಭಿಮಾನಿಗಳೇ ದೂರಿದರು. ಅದೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ವಿಡಿಯೊ ಗೇಮಿನಲ್ಲಿ ಸ್ಪಷ್ಟವಾಗಿ ಕೇಳಿಸಿದಾಗ, ದೋಷವಿದ್ದದ್ದು ಸಂಯೋಜನೆಯಲ್ಲಲ್ಲ ಎಂಬುದು ತಿಳಿಯಿತು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಅವರಾದರೋ, ತಮ್ಮ ಕೈಗೆ ಬರುವ ಮೊದಲೇ ಸದ್ದು ಹಾಗಾಗಿತ್ತು ಎಂದು ಒಬ್ಬ ಅಭಿಮಾನಿಗೆ ಬರೆದು ತಿಳಿಸಿದರು.

ಆದ್ದರಿಂದ ‘ಆಲ್ಬಂನಲ್ಲಿ ಜೀವವಿಲ್ಲ’ ಎಂದು ಬರೆಯಬೇಡಿ. ಎರಡನೇ ಚರಣದಲ್ಲಿ ಡೊಳ್ಳು ಸೇರಿದ ಕೂಡಲೇ ಗಾಯಕನ ದನಿ ಹಿಂದೆ ಸರಿದು ಪದಗಳು ತಿಳಿಯದಂತಾಗುತ್ತಿದ್ದರೆ, ಹಾಡಿನ ಹೆಸರು ಹೇಳಿ ಅಷ್ಟನ್ನೇ ಬರೆಯಿರಿ; ಓದಿದವರು ಅದೇ ಜಾಗವನ್ನು ಕೇಳಿ ನಿಮ್ಮ ಮಾತನ್ನು ಒಪ್ಪಲೂಬಹುದು, ಅಲ್ಲಗಳೆಯಲೂಬಹುದು. ಈವರೆಗೆ ಮೊಬೈಲ್ ಸ್ಪೀಕರಿನಲ್ಲಷ್ಟೇ ಕೇಳಿದ್ದರೆ ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೆ ಕೇಳಿ. ಆ ಪುಟ್ಟ ಸ್ಪೀಕರು ಮಂದ್ರದ ನಾದವನ್ನೆಲ್ಲ ನುಂಗಿಬಿಡುವುದರಿಂದ, ಬೇಸ್ ಗಿಟಾರ್ ನುಡಿಸಿದವರ ಶ್ರಮ ನಿಮ್ಮ ಕಿವಿಗೆ ಬಿದ್ದೇ ಇರಲಾರದು.

ಮೈದಾನದಲ್ಲಿ ಜನಸಾಗರದ ನಡುವೆ ಕೇಳಿದ ಹಾಡಿನೊಂದಿಗೆ ಸ್ಟುಡಿಯೊದ ಹಾಡನ್ನು ತೂಗುವುದು ನನಗೆ ಸರಿಕಾಣದು. ಹೋಲಿಸಲೇಬೇಕೆಂದಿದ್ದರೆ ಅವರದೇ ಹಿಂದಿನ ಆಲ್ಬಂ ಇದೆ; ಆಗಲೂ ಬದಲಾವಣೆಯನ್ನೇ ದೋಷವೆಂದು ಎಣಿಸಬೇಡಿ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಅವರ ದನಿಯಲ್ಲಿ ಕೇಳಿ ಬೆಳೆದ ನನ್ನಂಥವರಿಗೆ, ನಿಮ್ಮೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವನ್ನು ಗಿಟಾರಿನೊಂದಿಗೆ ಹಾಡಿದಾಗ ಕಿವಿ ಒಗ್ಗಲು ಸ್ವಲ್ಪ ಕಾಲವೇ ಹಿಡಿಯಿತು. ಇಂದು ಎರಡೂ ನನಗೆ ಪ್ರಿಯ. ಹಾಗಾಗಿ ಮೊದಲ ಕೇಳುವಿಕೆಗೂ ಬರವಣಿಗೆಗೂ ನಡುವೆ ಒಂದು ವಾರ ಬಿಡುವಿರಲಿ.

ಹಣಕ್ಕಾಗಿ ಹೀಗೆ ಮಾಡಿದರೆಂಬಂಥ ಊಹೆಗಳನ್ನು ಪೂರ್ತಿ ಕೈಬಿಡಿ. ಹಾಗೆಯೇ, ಕಹಿಯನ್ನು ಮರೆಸಲೆಂದು ಇಲ್ಲದ ಹೊಗಳಿಕೆ ಸೇರಿಸುವುದೂ ಬೇಡ. ನಿಜವಾಗಿ ಹಿಡಿಸಿದ ಹಾಡು ಒಂದೇ ಇದ್ದರೂ ಅದು ಏಕೆ ಹಿಡಿಸಿತೆಂಬುದನ್ನು ದೋಷಗಳನ್ನು ಹೇಳಿದಷ್ಟೇ ವಿವರವಾಗಿ ಬರೆಯಿರಿ. ನೀವು ಆ ತಂಡದ ಅಭಿಮಾನಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಓದುಗರಿಗೆ ತಿಳಿಸಿಬಿಡಿ.