ಆಪ್ತಸಲಹೆ ಪ್ರಕರಣ: ಪ್ರಥಮ ಪಿಯುನಲ್ಲಿ ಒಲಿದ ಅರ್ಥಶಾಸ್ತ್ರ ದ್ವಿತೀಯ ಪಿಯುನಲ್ಲಿ ಕೈಕೊಟ್ಟಾಗ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ವಿದ್ಯಾರ್ಥಿನಿಗೆ 17 ವರ್ಷ. ದ್ವಿತೀಯ ಪಿಯುಸಿ ವಾಣಿಜ್ಯ, ಹೆಚ್‌ಇಬಿಎ: ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಗೆ ಇಂಗ್ಲಿಷ್ ಮಾಧ್ಯಮ ಸೇರಿದವಳು. ಪ್ರಥಮ ಪಿಯುನಲ್ಲಿ ಅರ್ಥಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿತ್ತು. ಈ ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ ಅದೇ ವಿಷಯದಲ್ಲಿ ಫೇಲು.

ತಾಯಿ ಜೊತೆಗೇ ಬಂದಿದ್ದರು. "ರಾತ್ರಿ ಹನ್ನೊಂದೂವರೆ ತನಕ ಓದ್ತಾಳೆ ಮೇಡಂ, ಓದಿದ್ದೆಲ್ಲ ಎಲ್ಲಿಗೆ ಹೋಗ್ತಿದೆಯೋ" ಎಂಬುದು ಅವರ ಕೊರಗು. ಹುಡುಗಿ ಅಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದಳು: "ನಂಗೆ ಎಕನಾಮಿಕ್ಸ್ ತಲೆಗೆ ಹತ್ತಲ್ಲ, ಆರ್ಟ್ಸಿಗೆ ಹೋಗ್ತೀನಿ." ಕಲಾ ವಿಭಾಗದಲ್ಲಿ ಹೆಚ್ಚಿನವರು ತೆಗೆದುಕೊಳ್ಳುವ ಹೆಚ್‌ಇಪಿಎಸ್‌ನಲ್ಲೂ 'ಇ' ಅಂದರೆ ಅರ್ಥಶಾಸ್ತ್ರವೇ. ಜೊತೆಗೆ ಎರಡನೇ ವರ್ಷಕ್ಕೆ ಬಂದ ಮೇಲೆ ವಿಭಾಗ ಬದಲಿಸುವುದೆಂದರೆ ಒಂದು ವರ್ಷ ಹಿಂದಕ್ಕೆ ಹೋಗುವುದು. ಇವೆರಡನ್ನೂ ಮೊದಲೇ ತಿಳಿಸಿದ್ದರಿಂದ ಮಾತು ಓಡಿಹೋಗುವುದರಿಂದ ಓದಿನ ಕಡೆಗೆ ತಿರುಗಿತು.

ಊಟ, ನಿದ್ದೆ, 'ಬದುಕೇ ಬೇಡ' ಅನ್ನಿಸಿದ್ದುಂಟೇ ಎಂಬುದನ್ನು ನೇರವಾಗಿಯೇ ಕೇಳಲಾಯಿತು. ಅಂಥದ್ದೇನೂ ಇರಲಿಲ್ಲ, ನಿದ್ದೆ ಮಾತ್ರ ತೀರ ಕಡಿಮೆ. ಆದರೂ ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಉಚಿತ ಸಂಖ್ಯೆ 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಸಲಾಯಿತು.

ಎರಡನೇ ಭೇಟಿಗೆ ಉತ್ತರಪತ್ರಿಕೆ ತರಿಸಿದೆವು. ಇಂಥ ಪ್ರಕರಣದಲ್ಲಿ ಅದನ್ನು ಸಾಲು ಸಾಲಾಗಿ ನೋಡದೆ ಸಲಹೆ ಕೊಡಲೇಬಾರದು. 'ಅರ್ಥಶಾಸ್ತ್ರ ಬರಲ್ಲ' ಎನ್ನುವ ಮಾತು ಹೊರಗಿನಿಂದ ಒಂದೇ ಕಾಯಿಲೆಯಂತೆ ಕಂಡರೂ ಅಂಕ ಸೋರುವ ಜಾಗಗಳು ಬೇರೆ ಬೇರೆ. ಇವಳ ಪತ್ರಿಕೆಯಲ್ಲಿ ವ್ಯಾಖ್ಯೆಗಳು ಅಚ್ಚುಕಟ್ಟಾಗಿದ್ದವು. ಅಂಕ ಹೋಗಿದ್ದು ಕೋಷ್ಟಕದಲ್ಲಿ ಮತ್ತು ರೇಖಾಚಿತ್ರದಲ್ಲಿ.

ಕಾರಣ ಪಠ್ಯಕ್ರಮದಲ್ಲೇ ಇದೆ. ಪ್ರಥಮ ಪಿಯುನಲ್ಲಿ ಭಾರತದ ಆರ್ಥಿಕ ಅಭಿವೃದ್ಧಿ ಓದುವಾಗ ಹಸಿರು ಕ್ರಾಂತಿ, 1991ರ ಸುಧಾರಣೆ, ಬಡತನ, ಇವನ್ನು ಅಂಶ ಅಂಶವಾಗಿ ಬರೆದರೆ ಸಾಕು, ಬಾಯಿಪಾಠ ದಡ ಸೇರಿಸುತ್ತದೆ. ಸಂಖ್ಯಾಶಾಸ್ತ್ರದ ಭಾಗದಲ್ಲಿ ಕಳೆದುಕೊಂಡದ್ದನ್ನು ಇದು ತುಂಬಿಕೊಡುತ್ತದೆ. ದ್ವಿತೀಯ ಪಿಯು ಶುರುವಾಗುವುದು ಸೂಕ್ಷ್ಮ ಅರ್ಥಶಾಸ್ತ್ರದಿಂದ. ಅನುಭೋಗಿಯ ವರ್ತನೆ, ಉತ್ಪಾದನೆ ಮತ್ತು ವೆಚ್ಚ, ಮಾರುಕಟ್ಟೆ ಸಮತೋಲನ, ಎಲ್ಲವೂ ಒಂದರ ಮೇಲೊಂದು ನಿಂತಿರುವ ಪಾಠಗಳು. ಇವಳು ಇಲ್ಲೂ ಹಳೆಯ ದಾರಿಯನ್ನೇ ಹಿಡಿದಿದ್ದಳು: ಕೋಷ್ಟಕದ ಅಂಕಿಗಳನ್ನೂ ಬಾಯಿಪಾಠ ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಅಂಕಿ ಬದಲಾದ ಕೂಡಲೇ ಕೈ ನಿಂತುಹೋಗುತ್ತಿತ್ತು.

ಎದುರಿಗೇ ಒಂದು ವೆಚ್ಚದ ಲೆಕ್ಕ ಮಾಡಿಸಿದೆವು. ಸ್ಥಿರ ವೆಚ್ಚ 60 ರೂಪಾಯಿ. ಉತ್ಪಾದನೆ 0, 1, 2, 3, 4 ಘಟಕ ಆದಾಗ ಬದಲಾಗುವ ವೆಚ್ಚ ಕ್ರಮವಾಗಿ 0, 40, 70, 90, 130. ಅವಳು ಮಾಡಿದ ಮೊದಲ ತಪ್ಪು: ಉತ್ಪಾದನೆ ಸೊನ್ನೆ ಇರುವ ಸಾಲಿನಲ್ಲಿ ಒಟ್ಟು ವೆಚ್ಚವನ್ನೂ ಸೊನ್ನೆ ಎಂದು ಬರೆದದ್ದು. ಏನೂ ಉತ್ಪಾದಿಸದಿದ್ದರೂ ಅಂಗಡಿಯ ಬಾಡಿಗೆ ಕಟ್ಟಲೇಬೇಕು, ಹಾಗಾಗಿ ಅಲ್ಲಿ 60 ಬರಬೇಕು. ಇದು ತಪ್ಪಿದರೆ ಮೊದಲ ಘಟಕದ ಸೀಮಾಂತ ವೆಚ್ಚ, ಅಂದರೆ ಇನ್ನೊಂದು ಘಟಕ ಉತ್ಪಾದಿಸಲು ತಗಲುವ ಹೆಚ್ಚುವರಿ ವೆಚ್ಚ, 40ರ ಬದಲು 100 ಆಗಿಬಿಡುತ್ತದೆ. ಎರಡನೇ ತಪ್ಪು ಇನ್ನೂ ದೊಡ್ಡದು. ಮೂರನೇ ಘಟಕದ ಸೀಮಾಂತ ವೆಚ್ಚಕ್ಕೆ 50 ಬರೆದಳು. ಒಟ್ಟು ವೆಚ್ಚ 150ನ್ನು 3ರಿಂದ ಭಾಗಿಸಿದ್ದಳು, ಅದು ಸರಾಸರಿ. ಸೀಮಾಂತ ಬೇಕಿದ್ದರೆ ಹಿಂದಿನ ಸಾಲಿನ 130ನ್ನು ಕಳೆಯಬೇಕು, ಉತ್ತರ 20. ತಾಳೆ ನೋಡುವ ಉಪಾಯವನ್ನೂ ಹೇಳಿಕೊಟ್ಟೆವು: ಸೀಮಾಂತ ವೆಚ್ಚಗಳನ್ನೆಲ್ಲ ಕೂಡಿದರೆ ಕೊನೆಯ ಸಾಲಿನ ಬದಲಾಗುವ ವೆಚ್ಚ ಬರಬೇಕು. 40, 30, 20, 40 ಕೂಡಿದರೆ 130. ಸರಿಹೋದದ್ದು ನೋಡಿ ಅವಳೇ ಇನ್ನೊಂದು ಲೆಕ್ಕ ಕೇಳಿದಳು.

ಮುಂದಿನದು ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ. ಬೆಲೆ 10ರಿಂದ 8ಕ್ಕೆ ಇಳಿದು, ಬೇಡಿಕೆ 20ರಿಂದ 25ಕ್ಕೆ ಏರಿದರೆ, ಶೇ 25ನ್ನು ಶೇ 20ರಿಂದ ಭಾಗಿಸಬೇಕು. ಋಣ ಚಿಹ್ನೆ ಬಿಟ್ಟರೆ 1.25. ಇವಳು ತಲೆಕೆಳಗು ಮಾಡಿ 0.8 ಬರೆದಿದ್ದಳು. ಹೋಗುವುದು ಅಂಕಿಯೊಂದೇ ಅಲ್ಲ; ಹೆಚ್ಚು ಸ್ಥಿತಿಸ್ಥಾಪಕ ಎಂದಾಗಬೇಕಾದ ತೀರ್ಮಾನ ಕಡಿಮೆ ಸ್ಥಿತಿಸ್ಥಾಪಕ ಎಂದಾಗಿ ಇಡೀ ಉತ್ತರವೇ ಬಿದ್ದುಹೋಗುತ್ತದೆ.

ರೇಖಾಚಿತ್ರದಲ್ಲಿ ಗೊಂದಲ ಎಲ್ಲರಿಗೂ ಆಗುವಂಥದ್ದೇ. ಚಹಾದ ಬೆಲೆಯೇ ಏರಿದರೆ ಚಹಾದ ಬೇಡಿಕೆ ರೇಖೆಯ ಮೇಲೆ ಬಿಂದು ಮೇಲಕ್ಕೆ ಸರಿಯುತ್ತದೆ, ರೇಖೆ ಅಲ್ಲೇ ಇರುತ್ತದೆ. ಕಾಫಿಯ ಬೆಲೆ ಏರಿದರೆ ಚಹಾದ ಬೇಡಿಕೆ ರೇಖೆಯೇ ಬಲಕ್ಕೆ ಪಲ್ಲಟವಾಗುತ್ತದೆ. ಚಿತ್ರ ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬದಲಾದದ್ದು ಲಂಬಾಕ್ಷದಲ್ಲಿರುವ ಬೆಲೆಯೋ, ಬೇರೆ ಏನಾದರೂ ಆಗಿದೆಯೋ? ಇನ್ನು ಅಕ್ಷಗಳಿಗೆ ಹೆಸರು ಬರೆಯದಿರುವುದು, ಸಮತೋಲನ ಬಿಂದುವಿನಿಂದ ಚುಕ್ಕೆಗೆರೆ ಇಳಿಸದಿರುವುದು, ಪೆನ್ನಿನಲ್ಲಿ ಗೆರೆ ಎಳೆದು ಗೀಚಿಹಾಕುವುದು, ಇವು ಸುಮ್ಮನೆ ಕೈಬಿಡುವ ಅಂಕಗಳು.

ತಾಯಿ ಟ್ಯೂಷನ್ ಕೇಳಿದರು. ಹುಡುಗಿಯ ಸೋದರಮಾವ ಫೀಸು ಕಟ್ಟಲು ಒಪ್ಪಿದ್ದರಂತೆ. ಸದ್ಯಕ್ಕೆ ಬೇಡ ಎಂದೆವು. ಟ್ಯೂಷನ್ನಿನಲ್ಲೂ ಇವಳು ಬರೆದುಕೊಂಡು ಬಂದು ಬಾಯಿಪಾಠವನ್ನೇ ಮಾಡುವ ಸಂಭವ ಹೆಚ್ಚು. ಅದರ ಬದಲು ಕಾಲೇಜಿನ ಉಪನ್ಯಾಸಕರನ್ನೇ ವಾರಕ್ಕೆ ಎರಡು ಸಲ ಹತ್ತು ನಿಮಿಷ ಕೇಳಲಿ. "ಅರ್ಥ ಆಗ್ಲಿಲ್ಲ ಮೇಡಂ" ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೋ ತಿಳಿಯದು. "ಮೂರನೇ ಸಾಲಲ್ಲಿ ನಂಗೆ 50 ಬರ್ತಿದೆ, ಪುಸ್ತಕದಲ್ಲಿ 20 ಇದೆ, ಎಲ್ಲಿ ತಪ್ಪಿದೆ ಮೇಡಂ?" ಎಂದರೆ ಎರಡು ನಿಮಿಷದ ಕೆಲಸ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಲು ಇವಳಿಗೆ ಸಂಕೋಚವಿತ್ತು. ಕನ್ನಡದಲ್ಲೇ ಕೇಳು, ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಒತ್ತಿ ಹೇಳಿದೆವು. ಕನ್ನಡ ಮಾಧ್ಯಮದ ಪಠ್ಯಪುಸ್ತಕವನ್ನು ಗ್ರಂಥಾಲಯದಿಂದ ತಂದು, ಪಾಠವನ್ನು ಮೊದಲು ಅದರಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಪ್ರಶ್ನೆಗಳು ಎರಡೂ ಭಾಷೆಯಲ್ಲಿ ಇರುತ್ತವೆ. ಪ್ರಶ್ನೆ ಅನುಮಾನವಾದರೆ ಕನ್ನಡದ್ದನ್ನು ನೋಡಲು ಅಭ್ಯಾಸವಾಗಲಿ.

ದಿನಚರಿಯನ್ನು ಹೀಗೆ ಹೊಂದಿಸಿದೆವು: ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚುವುದು. ಬೆಳಿಗ್ಗೆ 45 ನಿಮಿಷ ಅರ್ಥಶಾಸ್ತ್ರ. ಅದರಲ್ಲಿ ಮೊದಲ 20 ನಿಮಿಷ ಪುಸ್ತಕ ಮುಚ್ಚಿಟ್ಟು ಒಂದು ಲೆಕ್ಕ ಅಥವಾ ಒಂದು ಚಿತ್ರ, ಪೆನ್ಸಿಲ್ಲು ಸ್ಕೇಲು ಹಿಡಿದು. ಆಮೇಲೆ ಪುಸ್ತಕ ತೆಗೆದು ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತಿಸುವುದು. ಉಳಿದ ಹೊತ್ತು ಓದು. ಭಾನುವಾರ ಒಂದು 6 ಅಂಕದ ಉತ್ತರವನ್ನು ಗಡಿಯಾರ ನೋಡಿಕೊಂಡು 12 ನಿಮಿಷದಲ್ಲಿ ಬರೆಯುವುದು: ಅರ್ಥ, ಕೋಷ್ಟಕ, ಚಿತ್ರ, ವಿವರಣೆ, ಇದೇ ಕ್ರಮದಲ್ಲಿ.

ವಾರ್ಷಿಕ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಈ 20ರಲ್ಲಿ ಸೇರುವ ಪ್ರಾಜೆಕ್ಟನ್ನು ಕೊನೆಯ ವಾರಕ್ಕೆ ತಳ್ಳಬಾರದೆಂದು ಹೇಳಿ, ತಮ್ಮದೇ ಮನೆಯ ತಿಂಗಳ ಆಯವ್ಯಯ ಬರೆಯಲು ಸೂಚಿಸಿದೆವು. ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶವಿದೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂದು ತಿಳಿದ ಮೇಲೆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಪಾಸಾದಳು, ವೆಚ್ಚದ ಕೋಷ್ಟಕಕ್ಕೆ ಪೂರ್ತಿ ಅಂಕ. ಈಗ ಸಮಗ್ರ ಅರ್ಥಶಾಸ್ತ್ರ ನಡೆಯುತ್ತಿದೆ, ತಪ್ಪುಗಳೂ ಹೊಸವು. ಸೀಮಾಂತ ಅನುಭೋಗ ಪ್ರವೃತ್ತಿ (ಹೆಚ್ಚಾದ ಪ್ರತಿ ರೂಪಾಯಿ ಆದಾಯದಲ್ಲಿ ಖರ್ಚಾಗುವ ಪಾಲು) 0.8 ಇದ್ದಾಗ ಗುಣಕ (ಹೂಡಿಕೆ ಏರಿದರೆ ಆದಾಯ ಅದರ ಎಷ್ಟು ಪಟ್ಟು ಏರುತ್ತದೆ ಎಂಬುದು) 5. ಇವಳು 1ನ್ನು 0.8ರಿಂದಲೇ ಭಾಗಿಸಿ 1.25 ಬರೆಯುತ್ತಾಳೆ, ಭಾಗಿಸಬೇಕಾದದ್ದು 0.2ರಿಂದ. ರಾಷ್ಟ್ರೀಯ ಆದಾಯದಲ್ಲಿ ಮೂರು ಹೆಜ್ಜೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಲು ಹೇಳಿದ್ದೇವೆ. ಮಾರುಕಟ್ಟೆ ಬೆಲೆಯಲ್ಲಿ ಒಟ್ಟು ದೇಶೀಯ ಉತ್ಪನ್ನ 1000 ಎಂದಿಟ್ಟುಕೊಂಡರೆ, ಸವಕಳಿ 80 ಕಳೆದು 920. ವಿದೇಶದಿಂದ ಬರುವ ನಿವ್ವಳ ಆದಾಯ ಋಣ 20 ಆದ್ದರಿಂದ 900. ಪರೋಕ್ಷ ತೆರಿಗೆ 120ರಲ್ಲಿ ಸಹಾಯಧನ 30 ಕಳೆದು ಉಳಿದ 90ನ್ನು ತೆಗೆದರೆ ರಾಷ್ಟ್ರೀಯ ಆದಾಯ 810. ಋಣ 20ನ್ನು ಕೂಡಿಬಿಟ್ಟರೆ 850, ಸಹಾಯಧನ ಮರೆತರೆ 780. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮುಂದಿನ ಭೇಟಿಗೆ ತರಲು ತಿಳಿಸಲಾಗಿದೆ.