ಓದುಗರ ಪ್ರಶ್ನೆ: ಒಂಟಿ ತಂದೆಯ ಮನೆಗೆ ನೆರವು ತಲುಪುವುದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯವನ್ನು ಕುರಿತವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನೆರೆಹೊರೆಯವರೇ ಸೇರಿ ನಡೆಸುತ್ತಿರುವ ಸಣ್ಣ ದತ್ತಿ ಸಂಸ್ಥೆ. ಒಬ್ಬರೇ ನಿಂತು ಮಕ್ಕಳನ್ನು ಸಾಕುತ್ತಿರುವವರಿಗೆ ಶಾಲಾ ಶುಲ್ಕ, ಬಟ್ಟೆ, ಪುಸ್ತಕ ಒದಗಿಸುತ್ತೇವೆ. ಆದರೆ ನಮ್ಮಲ್ಲಿಗೆ ಬರುವವರೆಲ್ಲ ತಾಯಂದಿರು. ಪತ್ನಿಯನ್ನು ಕಳೆದುಕೊಂಡ ಇಬ್ಬರು ತಂದೆಯರು ನಮಗೆ ಗೊತ್ತಿದ್ದರೂ ಅವರು ಒಮ್ಮೆಯೂ ಬಂದಿಲ್ಲ. ‘ಗಂಡಸು ದುಡಿಯುತ್ತಾನೆ, ಅವನಿಗೇನು ಕೊರತೆ?’ ಎಂದು ಸಮಿತಿಯ ಹಿರಿಯರೊಬ್ಬರು ಕೇಳುತ್ತಾರೆ. ಅವರಿಗೆ ಏನು ಉತ್ತರ ಹೇಳಲಿ?

ಉತ್ತರ: ಆ ಹಿರಿಯರ ಪ್ರಶ್ನೆಯನ್ನು ತಳ್ಳಿಹಾಕಬೇಡಿ, ಅದಕ್ಕೆ ನೇರವಾದ ಉತ್ತರವಿದೆ. ದುಡಿಯುವ ತಂದೆ ಮನೆಗೆ ಹಣ ತರುತ್ತಾನೆ ನಿಜ, ಆದರೆ ಆ ಹಣಕ್ಕಾಗಿ ಅವನು ಕೊಡುವ ಗಂಟೆಗಳೇ ಮಗುವಿಗೆ ಜ್ವರ ಬಂದಾಗ, ಶಾಲೆ ಬೇಗ ಬಿಟ್ಟಾಗ, ಲಸಿಕೆ ಹಾಕಿಸುವ ದಿನ ಅವನು ಮನೆಯಲ್ಲಿರಬೇಕಾದ ಗಂಟೆಗಳು. ಇಬ್ಬರು ಹಂಚಿಕೊಳ್ಳುತ್ತಿದ್ದ ದಿನವನ್ನು ಒಬ್ಬನೇ ಹೊರುವಾಗ ಮೊದಲು ಕಡಿಮೆ ಬೀಳುವುದು ವೇಳೆ. ಮೇಲಿಂದ ಮೇಲೆ ರಜೆ ಹಾಕಿ ಕೆಲಸಕ್ಕೆ ಕುತ್ತು ಬಂದ ಮೇಲೆ ಹಣದ ಕೊರತೆಯೂ ಬರುತ್ತದೆ. ಅಷ್ಟು ಹೊತ್ತಿಗೆ ಆ ಮನೆ ನೆರವು ಕೇಳುವ ಸ್ಥಿತಿಯನ್ನೂ ದಾಟಿರುತ್ತದೆ.

ಅಮೆರಿಕದ ಒಂದು ಮೊಕದ್ದಮೆಯನ್ನು ಅವರಿಗೆ ಹೇಳಿ. ಪೌಲಾ ವೀಸೆನ್‌ಫೆಲ್ಡ್ ಎಂಬ ಶಿಕ್ಷಕಿ 1972ರಲ್ಲಿ ಹೆರಿಗೆಯ ಸಮಯದಲ್ಲಿ ತೀರಿಕೊಂಡರು, ಮಗು ಉಳಿಯಿತು. ಸಂಸಾರದಲ್ಲಿ ಹೆಚ್ಚು ಸಂಪಾದಿಸುತ್ತಿದ್ದವರು ಅವರೇ, ಸಾಮಾಜಿಕ ಭದ್ರತೆಯ ತೆರಿಗೆಯನ್ನೂ ತಮ್ಮ ಸಂಬಳದಿಂದ ಕಟ್ಟಿದ್ದರು. ಪತಿ ಸ್ಟೀಫನ್ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯಬೇಕೆಂದು ಭತ್ಯೆ ಕೇಳಿದಾಗ ಅದು ವಿಧವೆಯರಿಗೆ ಮಾತ್ರ ಎಂಬ ಉತ್ತರ ಬಂತು. ಕಾನೂನಿನಲ್ಲಿ ಆ ಭತ್ಯೆಯ ಹೆಸರೇ ‘ತಾಯಿಯ’ ಭತ್ಯೆ ಎಂದಿತ್ತು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ ಆಗ ಅವರ ಪರ ವಕೀಲೆಯಾಗಿ ವಾದಿಸಿದರು. 1975ರಲ್ಲಿ ವಿಚಾರಣೆ ನಡೆಸಿದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಸ್ಟೀಫನ್ ಪರವಾಗಿ ತೀರ್ಪಿತ್ತರು. ಭತ್ಯೆಯ ಉದ್ದೇಶ ಮಗುವಿನ ಬಳಿ ಉಳಿದಿರುವ ಒಬ್ಬ ಪೋಷಕರು ಇರುವಂತೆ ನೋಡಿಕೊಳ್ಳುವುದಾದರೆ, ಆ ಪೋಷಕರು ಹೆಣ್ಣೋ ಗಂಡೋ ಎಂಬುದರಿಂದ ಮಗುವಿನ ಅಗತ್ಯ ಬದಲಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಸಮಿತಿಯೂ ಅರ್ಜಿಯನ್ನು ಮಗುವಿನ ಕಡೆಯಿಂದ ಓದತೊಡಗಿದರೆ ಹಿರಿಯರ ಅನುಮಾನ ತಾನಾಗಿ ಕರಗುತ್ತದೆ ಎಂದು ನನ್ನ ನಂಬಿಕೆ.

ಇನ್ನು ತಂದೆಯರು ಏಕೆ ಬರುವುದಿಲ್ಲ ಎಂಬ ಮಾತು. ಒಂದು ದಿನ ನಿಮ್ಮ ಸಂಸ್ಥೆಯ ಬಾಗಿಲಿಗೆ ಹೊಸಬರಂತೆ ಬಂದು ನಿಂತು ನೋಡಿ. ಫಲಕದಲ್ಲಿ ‘ತಾಯಿ ಮತ್ತು ಮಕ್ಕಳ’ ಎಂದಿದೆಯೇ? ಅರ್ಜಿಯ ನಮೂನೆಯಲ್ಲಿ ‘ಗಂಡನ ಹೆಸರು’ ಎಂಬ ಸಾಲು ಇದೆಯೇ? ಸಭೆ ಕೆಲಸದ ದಿನದ ನಡುಹಗಲಿನಲ್ಲಿ ನಡೆಯುತ್ತದೆಯೇ? ಒಳಗೆ ಕುಳಿತವರೆಲ್ಲ ಮಹಿಳೆಯರಾಗಿದ್ದು, ಕಾಲಿಟ್ಟ ಗಂಡಸನ್ನು ‘ಯಾರು ಬೇಕಿತ್ತು?’ ಎಂದು ಕೇಳುತ್ತಾರೆಯೇ? ಇವುಗಳಲ್ಲಿ ಯಾವುದೂ ಕೆಟ್ಟ ಮನಸ್ಸಿನಿಂದ ಆದದ್ದಲ್ಲ. ಬ್ರಿಟನ್ನಿನಲ್ಲಿ 1918ರಲ್ಲಿ ‘ಅವಿವಾಹಿತ ತಾಯಿ ಮತ್ತು ಆಕೆಯ ಮಗುವಿಗಾಗಿ’ ಎಂಬ ಹೆಸರಿನಿಂದ ಹುಟ್ಟಿದ ರಾಷ್ಟ್ರೀಯ ಮಂಡಳಿ ತನ್ನ ಹೆಸರನ್ನು ‘ಒಂಟಿ ಪೋಷಕರ ಕುಟುಂಬಗಳು’ ಎಂದು ಬದಲಿಸಿಕೊಂಡದ್ದು 1973ರಲ್ಲಿ. ಅಷ್ಟು ಹಳೆಯ, ಅಷ್ಟು ಅನುಭವವಿದ್ದ ಸಂಸ್ಥೆಗೇ ಆ ಒಂದು ಪದ ಬದಲಿಸಲು ಅರ್ಧ ಶತಮಾನ ಹಿಡಿದಿದ್ದರೆ ನಿಮ್ಮ ಫಲಕದಲ್ಲಿ ಹಳೆಯ ಪದ ಉಳಿದಿರುವುದು ಆಶ್ಚರ್ಯವಲ್ಲ. ಆದರೂ ಬದಲಿಸಿ. ಒಂದು ಸಂಜೆ ಅಥವಾ ರಜಾದಿನದ ಬೆಳಗನ್ನು ಮೀಸಲಿಡಿ.

ಆ ಇಬ್ಬರು ತಂದೆಯರು ತಾವಾಗಿ ಬರಲೆಂದು ಕಾಯಬೇಡಿ, ನೀವೇ ಹೋಗಿ. ಒಬ್ಬರೇ ಹೋಗದೆ ಇಬ್ಬರು, ಸಾಧ್ಯವಾದರೆ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ಜೊತೆಯಾಗಿ ಹೋಗಿ. ‘ನಿಮಗೆ ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೇಳಿ ಎದ್ದು ಬಂದರೆ ಪ್ರಯೋಜನವಿಲ್ಲ, ಏಕೆಂದರೆ ಆ ಮಾತಿಗೆ ಬಹುಪಾಲು ಗಂಡಸರು ಕೊಡುವ ಉತ್ತರ ‘ಏನೂ ಬೇಡ’ ಎಂದೇ. ಅದರ ಬದಲು ‘ಮಂಗಳವಾರ ಮತ್ತು ಗುರುವಾರ ಶಾಲೆ ಬಿಟ್ಟ ಮೇಲೆ ನೀವು ಬರುವವರೆಗೆ ಮಗುವನ್ನು ನಮ್ಮ ಓದುಕೋಣೆಯಲ್ಲಿ ಕೂರಿಸಿಕೊಳ್ಳಬಹುದೇ?’ ಎಂದು ದಿನ, ಹೊತ್ತು, ಕೆಲಸ ಮೂರನ್ನೂ ಹೆಸರಿಸಿ ಕೇಳಿ. ಒಪ್ಪಿದ ಮೇಲೆ ಒಂದು ವಾರವೂ ತಪ್ಪಿಸಬೇಡಿ. ಒಮ್ಮೆ ತಾಯಿಯನ್ನು ಕಳೆದುಕೊಂಡ ಮಗುವಿಗೆ, ಬರುತ್ತೇನೆಂದವರು ಬಾರದೆ ಹೋಗುವುದು ದೊಡ್ಡವರು ಎಣಿಸುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಕೈಹಾಕುವಾಗ ಸುರಕ್ಷತೆಯ ನಿಯಮಗಳಲ್ಲಿ ರಿಯಾಯಿತಿ ಬೇಡ. ಸ್ವಯಂಸೇವಕರ ಹಿನ್ನೆಲೆಯನ್ನು ವಿಚಾರಿಸಿಯೇ ಸೇರಿಸಿಕೊಳ್ಳಿ. ಯಾವ ಸ್ವಯಂಸೇವಕರೂ ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನೊಡನೆ ಒಬ್ಬರೇ ಇರಬಾರದು. ಯಾರು ಎಷ್ಟು ಹೊತ್ತಿಗೆ ಮಗುವನ್ನು ಕರೆತಂದರು, ಯಾರು ಕರೆದೊಯ್ದರು ಎಂಬುದು ಪುಸ್ತಕದಲ್ಲಿ ದಾಖಲಾಗಬೇಕು. ‘ನಮ್ಮವರೇ ಅಲ್ಲವೇ’ ಎಂಬ ಮಾತಿಗೆ ಇಲ್ಲಿ ಜಾಗ ಕೊಡಬೇಡಿ.

ಪ್ರಶ್ನೆ: ನನ್ನ ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಮಗಳಿಗೆ 10 ವರ್ಷ, ಮಗನಿಗೆ 4. ಒಂದು ದತ್ತಿ ಸಂಸ್ಥೆಯವರು ನೆರವು ಕೊಡಲು ಮುಂದೆ ಬಂದಿದ್ದಾರೆ. ಆದರೆ ಸಾಮಾನು ಕೊಡುವಾಗ ಮಕ್ಕಳ ಜೊತೆ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. ಒಪ್ಪಿಕೊಳ್ಳಲು ನನಗೆ ಸಂಕೋಚ. ಮಗ ಅಮ್ಮ ಯಾವಾಗ ಬರುತ್ತಾಳೆ ಎಂದು ಈಗಲೂ ಕೇಳುತ್ತಾನೆ. ಮಗಳು ಬೆಳೆಯುತ್ತಿದ್ದಾಳೆ, ಅವಳೊಡನೆ ಏನು ಹೇಗೆ ಮಾತನಾಡಬೇಕೋ ತಿಳಿಯದು.

ಉತ್ತರ: ನೆರವನ್ನು ಒಪ್ಪಿಕೊಳ್ಳಿ, ಫೋಟೊವನ್ನು ಒಪ್ಪಿಕೊಳ್ಳಬೇಡಿ. ಇವೆರಡನ್ನೂ ಬೇರೆ ಬೇರೆಯಾಗಿ ಹೇಳುವ ಹಕ್ಕು ನಿಮಗಿದೆ. ‘ಲೆಕ್ಕಕ್ಕೆ ಬೇಕಾದ ರಸೀದಿಗೆ ಸಹಿ ಮಾಡುತ್ತೇನೆ, ಮಕ್ಕಳ ಚಿತ್ರ ಮಾತ್ರ ಬೇಡ’ ಎಂದು ಶಾಂತವಾಗಿ ತಿಳಿಸಿ. ಇಂದು ತೆಗೆದ ಚಿತ್ರ ನಾಳೆ ಮಗಳ ಸಹಪಾಠಿಯ ಮೊಬೈಲಿನಲ್ಲಿ ಕಾಣಿಸಬಹುದು ಎಂದು ವಿವರಿಸಿದರೆ ಒಳ್ಳೆಯ ಮನಸ್ಸಿನ ಸಂಸ್ಥೆ ಒಪ್ಪುತ್ತದೆ. ಸಂಕೋಚದ ಬಗ್ಗೆ ಒಂದು ಮಾತು: 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 18ನೇ ವಿಧಿ ಮಗುವಿನ ಪಾಲನೆಯಲ್ಲಿ ತಂದೆ ತಾಯಿ ಇಬ್ಬರ ಹೊಣೆಯೂ ಸಮಾನ ಎನ್ನುತ್ತದೆ, ಮತ್ತು ಆ ಹೊಣೆ ಹೊರುವ ಪೋಷಕರಿಗೆ ನೆರವು ನೀಡುವುದು ಸರ್ಕಾರಗಳ ಕರ್ತವ್ಯ ಎಂದೂ ಹೇಳುತ್ತದೆ. ಸರ್ಕಾರಗಳೇ ಕೊಡಬೇಕಾದದ್ದನ್ನು ನೆರೆಯವರಿಂದ ಪಡೆಯುವುದು ನಿಮ್ಮ ಸೋಲು ಹೇಗಾದೀತು?

ಮಗನಿಗೆ ಸ್ಪಷ್ಟವಾದ ಪದಗಳಲ್ಲಿ ಹೇಳಿ: ‘ಅಮ್ಮ ಸತ್ತುಹೋಗಿದ್ದಾಳೆ, ಅವಳ ದೇಹ ಈಗ ಕೆಲಸ ಮಾಡುವುದಿಲ್ಲ, ಅವಳು ಮರಳಿ ಬರಲಾರಳು.’ ಹೀಗೆ ಹೇಳಲು ಗಂಟಲು ಕಟ್ಟುತ್ತದೆಂದು ಬಲ್ಲೆ. ಆದರೆ ‘ಮಲಗಿದ್ದಾಳೆ’ ಎಂದರೆ ಮಗು ನಿದ್ದೆಗೇ ಹೆದರಬಹುದು, ‘ದೂರ ಹೋಗಿದ್ದಾಳೆ’ ಎಂದರೆ ಬಾಗಿಲು ನೋಡುತ್ತ ಕೂರಬಹುದು. ಈ ವಯಸ್ಸಿನ ಮಕ್ಕಳಿಗೆ ಸಾವು ಶಾಶ್ವತ ಎಂಬುದು ಒಮ್ಮೆಲೇ ಅರ್ಥವಾಗದು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಪ್ರತಿಸಲವೂ ಅದೇ ಉತ್ತರ ಕೊಡಿ. ‘ನಿನ್ನಿಂದ ಹೀಗಾಗಲಿಲ್ಲ’ ಎಂಬ ಮಾತನ್ನೂ ಸೇರಿಸಿ, ಏಕೆಂದರೆ ಎಷ್ಟೋ ಮಕ್ಕಳು ತಮ್ಮ ಹಟದಿಂದಲೇ ಹೀಗಾಯಿತೆಂದು ಒಳಗೊಳಗೇ ನಂಬಿಕೊಂಡಿರುತ್ತಾರೆ. ನೀವು ಅವನೆದುರು ಅತ್ತರೆ ತಪ್ಪೇನೂ ಇಲ್ಲ.

ಮಗಳ ಜೊತೆ ಮಾತನಾಡಲು ತಡಮಾಡಬೇಡಿ. ಮುಟ್ಟು ಸಾಮಾನ್ಯವಾಗಿ 12 ವರ್ಷದ ಆಸುಪಾಸಿನಲ್ಲಿ ಆರಂಭವಾಗುತ್ತದಾದರೂ ಕೆಲವರಿಗೆ 9–10ರಲ್ಲೇ ಆಗುವುದುಂಟು. ನಿಮ್ಮ ಅಕ್ಕನೋ ನಂಬಿಕೆಯ ವೈದ್ಯೆಯೋ ವಿವರವಾಗಿ ಹೇಳಿಕೊಡಲಿ, ಆದರೆ ಮೊದಲ ಮಾತು ನಿಮ್ಮಿಂದಲೇ ಬರಲಿ: ‘ಹೀಗಾಗುತ್ತದೆ, ಇದು ಕಾಯಿಲೆಯಲ್ಲ, ಆದ ದಿನ ನನಗೆ ಹೇಳಲು ನಾಚಬೇಡ, ಪ್ಯಾಡ್ ಈ ಕಪಾಟಿನಲ್ಲಿದೆ.’ ನೀವು ಆ ಪದವನ್ನು ಸಹಜವಾಗಿ ಉಚ್ಚರಿಸಿದರೆ ಅವಳಿಗೂ ಅದು ಸಹಜವಾಗುತ್ತದೆ. ದತ್ತಿ ಸಂಸ್ಥೆಯವರು ಏನು ಬೇಕೆಂದು ಕೇಳಿದಾಗ ಪ್ರತಿ ತಿಂಗಳ ಪಟ್ಟಿಯಲ್ಲಿ ಪ್ಯಾಡನ್ನೂ ಬರೆಯಿಸಿ. ಇನ್ನೊಂದು ಎಚ್ಚರಿಕೆ: 10 ವರ್ಷದ ಹುಡುಗಿ ಸದ್ದಿಲ್ಲದೆ ಮನೆಯ ಯಜಮಾನಿಯಾಗಿಬಿಡುತ್ತಾಳೆ, ತಮ್ಮನ ಊಟ, ಸ್ನಾನ, ಪಾಠ ಎಲ್ಲವೂ ಅವಳ ಹೆಗಲಿಗೆ ಬೀಳುತ್ತದೆ, ನೋಡಿದವರು ‘ಎಷ್ಟು ಜಾಣೆ’ ಎಂದು ಹೊಗಳುತ್ತಾರೆ. ಆ ಹೊಗಳಿಕೆ ಕಿವಿಗೆ ಬಿದ್ದಾಗ ಅವಳು ಕೊನೆಯ ಸಲ ಗೆಳತಿಯರ ಜೊತೆ ಆಡಿದ್ದು ಯಾವಾಗ ಎಂದು ಎಣಿಸಿ ನೋಡಿ. ನಿಮಗೆ ನೆರವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಇಲ್ಲಿಯೇ, ಅವಳ ಸಂಜೆಗಳನ್ನು ಅವಳಿಗೆ ಮರಳಿ ಕೊಡಿಸುವುದಕ್ಕೆ.

ನಿಮ್ಮ ದುಃಖದ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಡುಕುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ವಾರಗಟ್ಟಲೆ ಮುಂದುವರಿದಿದ್ದರೆ ದಯವಿಟ್ಟು ವೈದ್ಯರನ್ನು ಕಾಣಿ.

ಪ್ರಶ್ನೆ: ನನಗೆ ವಿಚ್ಛೇದನವಾಗಿದೆ. ಮಕ್ಕಳು ವಾರದಲ್ಲಿ ಮೂರು ದಿನ ನನ್ನ ಬಳಿ ಇರುತ್ತಾರೆ. ‘ಪೂರ್ತಿ ಪಾಲನೆ ನಿಮ್ಮದಲ್ಲ’ ಎಂದು ಒಂದು ಸಂಸ್ಥೆ ನನ್ನ ಅರ್ಜಿಯನ್ನು ಹಿಂದಿರುಗಿಸಿತು. ಇದು ಸರಿಯೇ?

ಉತ್ತರ: ಸಂಸ್ಥೆಯ ಬಳಿ ಇರುವ ಹಣ ಕಡಿಮೆಯಿದ್ದಾಗ ಯಾವುದೋ ಒಂದು ಗೆರೆ ಎಳೆಯಲೇಬೇಕಾಗುತ್ತದೆ; ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಗೆರೆ ತಪ್ಪು ಜಾಗದಲ್ಲಿದೆ ಎಂದು ನನ್ನ ಅಭಿಪ್ರಾಯ. ಮೂರು ದಿನಕ್ಕಾದರೂ ಮಕ್ಕಳಿಗೆ ಹಾಸಿಗೆ ಬೇಕು, ಓದಲು ಜಾಗ ಬೇಕು, ಒಂದು ಜೊತೆ ಬಟ್ಟೆ ಬೇಕು. ಪಾಲನೆಯ ದಿನಗಳನ್ನು ನಮೂದಿಸಿರುವ ನ್ಯಾಯಾಲಯದ ಆದೇಶದ ಪ್ರತಿಯನ್ನು ಲಗತ್ತಿಸಿ ಮತ್ತೊಮ್ಮೆ ಬರೆಯಿರಿ. ಇಡೀ ನೆರವನ್ನು ಕೇಳದೆ, ಆ ಮೂರು ದಿನಗಳಿಗೆ ಬೇಕಾದ ವಸ್ತುಗಳನ್ನಷ್ಟೇ ಹೆಸರಿಸಿ ಕೇಳಿ. ಪತ್ರದಲ್ಲಿ ಮಕ್ಕಳ ತಾಯಿಯ ಬಗ್ಗೆ ದೂರು ಬೇಡ. ಮಕ್ಕಳ ತಾಯಿಯೂ ಅದೇ ಸಂಸ್ಥೆಯಿಂದ ನೆರವು ಪಡೆಯುತ್ತಿರಬಹುದು. ಹಾಗಿದ್ದರೆ ಒಬ್ಬರ ಅರ್ಜಿಯ ವಿವರ ಇನ್ನೊಬ್ಬರಿಗೆ ತಿಳಿಯದಂತೆ ನೋಡಿಕೊಳ್ಳಬೇಕೆಂದು ಸಂಸ್ಥೆಯ ಕಾರ್ಯದರ್ಶಿಯವರಲ್ಲಿ ಲಿಖಿತವಾಗಿಯೇ ಕೋರಿಕೊಳ್ಳಿ.